ತ್ರಾಪಿಜ್ಯ: ಊರೂರು ಸುತ್ತಿದ ಮೇಜು



ಹೋದ ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಇನ್ನೂ ಕಾಫಿ ಕುಡಿದು ಮುಗಿದಿರಲಿಲ್ಲ, ಅಮೆರಿಕದಿಂದ ಮೊಮ್ಮಗಳ ಫೋನು ಬಂತು. ಅಲ್ಲಿ ಆಗ ರಾತ್ರಿ. ಹುಡುಗಿಯ ದನಿ ಅಳುಅಳುವಾಗಿತ್ತು. "ತಾತ, ನೀನು ಹೇಳಿಕೊಟ್ಟ ಹೆಸರು ತಪ್ಪಂತೆ. ಮಾರ್ಕ್ಸ್ ಹೋಯಿತು" ಅಂದಳು. ಹಿಂದಿನ ವಾರ ಅವಳಿಗೆ ಚತುರ್ಭುಜಗಳ ಪಾಠ ಹೇಳಿಕೊಟ್ಟಿದ್ದೆ. ಎದುರುಬದುರಾದ ಎರಡು ಬಾಹುಗಳು ಸಮಾನಾಂತರವಾಗಿದ್ದು ಉಳಿದೆರಡು ಓರೆಯಾಗಿರುವ ಆಕೃತಿಗೆ ಟ್ರಪೀಜಿಯಂ ಅನ್ನುತ್ತಾರೆ ಎಂದಿದ್ದೆ. ಅವಳು ಹಾಗೆಯೇ ಬರೆದಳು. ಅಲ್ಲಿಯ ಪುಸ್ತಕದಲ್ಲಿ ಅದರ ಹೆಸರು ಟ್ರಪೀಜಾಯ್ಡ್. ಟ್ರಪೀಜಿಯಂ ಅಂದರೆ ಅಲ್ಲಿ ಬೇರೆಯೇ ಆಕೃತಿ, ಯಾವ ಬಾಹುವೂ ಯಾವುದಕ್ಕೂ ಸಮಾನಾಂತರವಲ್ಲದ್ದು. ಕೊಟ್ಟ ಉತ್ತರ ಒಂದು ದೇಶದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಗಣಿತದಲ್ಲಿ ಹೀಗೂ ಉಂಟೆ ಎಂದು ಮಗು ಕೇಳಿತು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೊರಟವನು ನಾನು ಎಲ್ಲೆಲ್ಲಿಗೋ ಹೋಗಿಬಂದೆ. ಕಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ರೇಡಿಯೋದಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ನಿಮ್ಮ ಮನೆಯ ಮೊರವನ್ನು ನೆನಪಿಗೆ ತಂದುಕೊಳ್ಳಿ. ಕೇರುವವರ ಹೊಟ್ಟೆಯ ಕಡೆಗೆ ಬರುವ ಅಂಚು ಕಿರಿದು, ಹೊಟ್ಟು ಹಾರಿಹೋಗುವ ಬಾಯಿಯ ಅಂಚು ಅಗಲ. ಈ ಎರಡು ಅಂಚುಗಳು ಒಂದಕ್ಕೊಂದು ಸಮಾನಾಂತರ. ಪಕ್ಕದ ಅಂಚುಗಳೆರಡೂ ಬಾಯಿಯ ಕಡೆಗೆ ಹರಡಿಕೊಂಡಿವೆ. ಅದೇ ತ್ರಾಪಿಜ್ಯ. ಮೊರ ಮನೆಯಲ್ಲಿಲ್ಲದವರು ಬಕೆಟ್ಟನ್ನು ಪಕ್ಕದಿಂದ ನೋಡಿದರೂ ಆದೀತು.

ತ್ರಾಪಿಜ್ಯ ಎಂಬುದು ನಮ್ಮ ಕನ್ನಡ ಶಾಲೆಯ ಪಠ್ಯಪುಸ್ತಕದ ಶಬ್ದ. ಕಿವಿಗೆ ಅಪ್ಪಟ ಸಂಸ್ಕೃತದಂತೆ ಕೇಳಿಸುತ್ತದೆ. ಕೊನೆಯಲ್ಲಿ "ಜ್ಯ" ಬೇರೆ ಇದೆ. ಜ್ಯಾ ಎಂದರೆ ಬಿಲ್ಲಿನ ಹೆದೆ, ವೃತ್ತಗಣಿತದಲ್ಲಿ ಬರುವ ಶಬ್ದ, ಅದಕ್ಕೂ ಇದಕ್ಕೂ ನಂಟಿರಬೇಕು ಎಂದು ವಿದ್ಯಾರ್ಥಿಯಾಗಿದ್ದಾಗ ನಾನು ನಂಬಿದ್ದೆ. ನಂಟಿಲ್ಲ. ಯಾರೋ ಒಳ್ಳೆಯ ಕಿವಿಯುಳ್ಳವರು ಟ್ರಪೀಜಿಯಂ ಎಂಬ ಶಬ್ದವನ್ನು ನಮ್ಮ ನಾಲಿಗೆಗೆ ಒಗ್ಗುವಂತೆ ತಿದ್ದಿ ಕೂರಿಸಿದ್ದಾರೆ. ಅದರ ಬೇರು ಗ್ರೀಕ್ ಭಾಷೆಯ ತ್ರಪೆಜ. ತ್ರಪೆಜ ಅಂದರೆ ಮೇಜು. ಊಟದ ಮೇಜು, ಅಂಗಡಿಯ ಮೇಜು, ಯಾವುದಾದರೂ ಸರಿ. ತ್ರಪೆಜಿಯೊನ್ ಅಂದರೆ ಪುಟ್ಟ ಮೇಜು. ಅದು ಲ್ಯಾಟಿನ್ನಿನಲ್ಲಿ ಟ್ರಪೀಜಿಯಂ ಆಯಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಈ ಶಬ್ದವನ್ನು ಕರಿಹಲಗೆಯ ಮೇಲೆ ಬರೆದವನು ನಾನು. ಒಂದು ದಿನವೂ ಮಕ್ಕಳಿಗೆ "ಇದು ಮೇಜಪ್ಪಾ" ಎಂದು ಹೇಳಲಿಲ್ಲ. ಆ ಕೊರಗು ನನಗಿದೆ. ಇವತ್ತು ಇಷ್ಟು ವಿವರವಾಗಿ ಮಾತಾಡಲು ಅದೂ ಒಂದು ಕಾರಣ.

ಈಗ ನಿಮ್ಮನ್ನು ಗ್ರೀಸ್ ದೇಶದ ನೈಋತ್ಯ ಮೂಲೆಗೆ ಕರೆದುಕೊಂಡು ಹೋಗುತ್ತೇನೆ. ಊರಿನ ಹೆಸರು ಪೈಲೋಸ್. ಕ್ರಿಸ್ತಪೂರ್ವ 1200ರ ಸುಮಾರಿಗೆ ಅಲ್ಲಿಯ ಅರಮನೆಗೆ ಬೆಂಕಿ ಬಿತ್ತು. ಅರಮನೆಯ ಕರಣಿಕರು ಲೆಕ್ಕಪತ್ರಗಳನ್ನು ಹಸಿ ಮಣ್ಣಿನ ಹಲಗೆಗಳ ಮೇಲೆ ಗೀರಿ ಬರೆದು, ಒಣಗಿಸಿ ಇಡುತ್ತಿದ್ದರು. ಬೆಂಕಿ ಅರಮನೆಯನ್ನು ತಿಂದಿತು, ಆದರೆ ಅದೇ ಬೆಂಕಿ ಆ ಮಣ್ಣಿನ ಹಲಗೆಗಳನ್ನು ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿ ಮಾಡಿತು. 1939ರಲ್ಲಿ ಕಾರ್ಲ್ ಬ್ಲೆಗೆನ್ ಎಂಬ ಪುರಾತತ್ವಜ್ಞ ಅಲ್ಲಿ ಅಗೆಯಲು ತೊಡಗಿದಾಗ ಅವು ಕೈಗೆ ಸಿಕ್ಕವು. ಲಿಪಿಯನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ತರುಣ ಅದನ್ನು ಬಿಡಿಸಿದ. ಅವನು ವೃತ್ತಿಯಿಂದ ಕಟ್ಟಡಗಳ ವಿನ್ಯಾಸಗಾರ. ಆ ಬರಹ ಗ್ರೀಕ್ ಭಾಷೆಯದೇ, ಹೋಮರನಿಗಿಂತ ನೂರಾರು ವರ್ಷ ಹಳೆಯ ಗ್ರೀಕ್ ಎಂದು ತೋರಿಸಿಕೊಟ್ಟ.

ಆ ಹಲಗೆಗಳಲ್ಲಿ ಒಂದು ಕಂತೆ ಅರಮನೆಯ ಪಾತ್ರೆ ಪಡಗ, ಪೀಠೋಪಕರಣಗಳ ಪಟ್ಟಿ. ನಮ್ಮಲ್ಲಿ ಮದುವೆ ಮನೆಯಲ್ಲಿ ಉಗ್ರಾಣದವರು ಪಾತ್ರೆಗಳ ಲೆಕ್ಕ ಬರೆದುಕೊಳ್ಳುವುದಿಲ್ಲವೆ, ಹಾಗೆ. ಇಂಥ ಹೂಜಿ, ಇಷ್ಟು ಹಿಡಿಯುಳ್ಳದ್ದು. ಇಂಥ ಮುಕ್ಕಾಲಿ, ಒಂದು ಕಾಲು ಮುರಿದದ್ದು. ಅದರ ನಡುವೆ ಮೇಜುಗಳು ಬರುತ್ತವೆ. ಶಬ್ದ ತೊ-ಪೆ-ಜ. ಕಲ್ಲಿನ ಮೇಜು, ನೀಲಿ ಗಾಜನ್ನೂ ಚಿನ್ನವನ್ನೂ ಕೂರಿಸಿದ್ದು. ದಂತದ ಕೆಲಸ ಮಾಡಿದ್ದು. ನಮ್ಮ ತ್ರಾಪಿಜ್ಯದ ಮುತ್ತಜ್ಜಿ ಈ ತೊ-ಪೆ-ಜ. ಮೂರು ಸಾವಿರದ ಇನ್ನೂರು ವರ್ಷದ ಹಿಂದಿನ ಕೈಬರಹದಲ್ಲಿ ಅವಳನ್ನು ಇವತ್ತೂ ನೋಡಬಹುದು.

ಶಬ್ದವನ್ನು ಬಿಡಿಸಿದರೆ ಏನು ಸಿಗುತ್ತದೆ? ಹಿಂದಿನ ಅರ್ಧ "ಪೆಜ". ಅದು ಪಾದ. ನಮ್ಮ ಸಂಸ್ಕೃತದ ಪದ, ಪಾದ, ಲ್ಯಾಟಿನ್ನಿನ ಪೆಸ್, ಇಂಗ್ಲಿಷಿನ ಫುಟ್, ನಾವು ತುಳಿಯುವ ಸೈಕಲ್ಲಿನ ಪೆಡಲು, ಎಲ್ಲ ಒಂದೇ ಮನೆತನ. ಮುಂದಿನ ಅರ್ಧ "ನಾಲ್ಕು" ಎಂಬುದರ ಸವೆದ ರೂಪ. ನಾಲ್ಕಕ್ಕೆ ಸಂಸ್ಕೃತದಲ್ಲಿ ಚತುರ್, ಗ್ರೀಕಿನಲ್ಲಿ ತೆತ್ರ. ತೆತ್ರದ ಮುಂದಲೆ ಸವೆದು "ತ್ರ" ಉಳಿಯಿತು. ಇದು ನಂಬಲಾಗದ ಮಾತೇನಲ್ಲ. ಜಾಗೃತಿ, ಸ್ವಪ್ನ, ಸುಷುಪ್ತಿ ದಾಟಿದ ನಾಲ್ಕನೆಯ ಅವಸ್ಥೆಗೆ ನಾವು ತುರೀಯ ಅನ್ನುತ್ತೇವೆ. ಚತುರ್ಥ ಎಂಬುದೇ ಅರ್ಥ, ಆದರೆ ಅಲ್ಲೂ ಮೊದಲ "ಚ" ಉದುರಿಹೋಗಿದೆ. ತುರೀಯದಲ್ಲಿ ಆದದ್ದೇ ತ್ರಪೆಜದಲ್ಲೂ ಆಗಿದೆ. ಅಲ್ಲಿಗೆ ತ್ರಪೆಜ ಅಂದರೆ ಚತುಷ್ಪದಿ, ನಾಲ್ಕು ಕಾಲಿನದು.

ಮುಂದೆ ಕೇಳಿ. ಪೈಲೋಸಿನ ಕರಣಿಕ ಹಲವು ಮೇಜುಗಳಿಗೆ ಅವುಗಳ ಕಾಲಿನ ಲೆಕ್ಕವನ್ನೂ ಬರೆದಿದ್ದಾನೆ. ಒಂದಕ್ಕೆ ಎ-ನೆ-ವೊ-ಪೆ-ಜ ಎನ್ನುತ್ತಾನೆ, ಒಂಬತ್ತು ಕಾಲಿನದು. ಇನ್ನೊಂದಕ್ಕೆ ವೆ-ಪೆ-ಜ, ಆರು ಕಾಲಿನದು. ಆ ವೆ-ಪೆ-ಜ ಎಂಬ ಮೂರು ಅಕ್ಷರ ಓದಿದಾಗ ನನಗೆ ಮೈ ಜುಮ್ಮೆಂದಿತು. ಅದರ "ಆರು" ನಮ್ಮ ಷಟ್‌ನ ಒಡಹುಟ್ಟು, ಅದರ "ಪೆಜ" ನಮ್ಮ ಪದಿಯ ಒಡಹುಟ್ಟು. ವೆ-ಪೆ-ಜ ಎಂದರೆ ಅಕ್ಷರಕ್ಕೆ ಅಕ್ಷರ ಷಟ್ಪದಿ! ಕುಮಾರವ್ಯಾಸ ಭಾಮಿನಿಯಲ್ಲಿ, ಲಕ್ಷ್ಮೀಶ ವಾರ್ಧಕದಲ್ಲಿ ಹಾಡಿದ ಷಟ್ಪದಿ. ಅವರು ಪದ್ಯಕ್ಕೆ ಆರು ಕಾಲು ಕಂಡರು, ಇವನು ಮೇಜಿಗೆ ಆರು ಕಾಲು ಕಂಡ. ಇನ್ನೊಂದು ಸೊಗಸು ನೋಡಿ: ಹೆಸರೇ ನಾಲ್ಕು ಕಾಲಿನದು ಎಂದಿರುವ ವಸ್ತುವನ್ನು "ಆರು ಕಾಲಿನ ನಾಲ್ಕುಕಾಲು" ಎಂದು ಬರೆಯುವಾಗ ಆ ಕರಣಿಕನಿಗೆ ಎಳ್ಳಷ್ಟೂ ಇರಿಸುಮುರಿಸಾಗಿಲ್ಲ. ಅಷ್ಟು ಹಿಂದೆಯೇ ಜನ ಶಬ್ದದೊಳಗಿನ "ನಾಲ್ಕು"ವನ್ನು ಮರೆತಾಗಿತ್ತು. ಮೇಜು ಅಂದರೆ ಮೇಜು, ಅಷ್ಟೆ. ಆಮೇಲಿನ ಗ್ರೀಕರ ಚಿತ್ರಿತ ಹೂಜಿಗಳಲ್ಲಿ ಊಟದ ಮೇಜುಗಳನ್ನು ನೋಡಿ, ಅನೇಕವಕ್ಕೆ ಮೂರೇ ಕಾಲು. ಒಂದು ತುದಿಗೆ ಎರಡು, ಇನ್ನೊಂದು ತುದಿಗೆ ಒಂದು. ನೆಲ ಏರುತಗ್ಗಾಗಿದ್ದರೂ ಮೂರು ಕಾಲಿನ ಮೇಜು ಅಲುಗಾಡದು. ಅದನ್ನೂ ಅವರು ತ್ರಪೆಜ ಎಂದೇ ಕರೆದರು.

ಈ ಮೇಜು ರೇಖಾಗಣಿತಕ್ಕೆ ಬಂದದ್ದು ಯೂಕ್ಲಿಡ್‌ನ ಪುಸ್ತಕದಲ್ಲಿ, ಕ್ರಿಸ್ತಪೂರ್ವ 300ರ ಸುಮಾರಿಗೆ. ಅವನ "ಎಲಿಮೆಂಟ್ಸ್" ಗ್ರಂಥದ ಮೊದಲ ಭಾಗದ 22ನೆಯ ವ್ಯಾಖ್ಯೆ ಚತುರ್ಭುಜಗಳದ್ದು. ಚೌಕಕ್ಕೆ ಹೆಸರು ಕೊಟ್ಟ, ಆಯತಕ್ಕೆ ಕೊಟ್ಟ, ವಜ್ರಾಕೃತಿಗೆ ಕೊಟ್ಟ, ಸಮಾನಾಂತರ ಚತುರ್ಭುಜಕ್ಕೆ ಕೊಟ್ಟ. ಇವನ್ನು ಬಿಟ್ಟು ಉಳಿದ ನಾಲ್ಕು ಬಾಹುವಿನ ಆಕೃತಿಗಳೆಲ್ಲ ತ್ರಪೆಜಿಯಗಳು, ಪುಟ್ಟ ಮೇಜುಗಳು, ಎಂದು ಮುಗಿಸಿದ. ಅಂದರೆ ಅವನ ಲೆಕ್ಕದಲ್ಲಿ ಟ್ರಪೀಜಿಯಂ ಎಂಬುದು ಅಚ್ಚುಕಟ್ಟಿಲ್ಲದ ಎಲ್ಲ ಚತುರ್ಭುಜಗಳ ಒಟ್ಟು ಹೆಸರು. ಸಮಾನಾಂತರದ ಮಾತೇ ಅಲ್ಲಿ ಇಲ್ಲ.

ಏಳೆಂಟುನೂರು ವರ್ಷ ಕಳೆದ ಮೇಲೆ, ಕ್ರಿಸ್ತಶಕ ಐದನೆಯ ಶತಮಾನದಲ್ಲಿ, ಅಥೆನ್ಸಿನ ಪ್ರೋಕ್ಲಸ್ ಆ ಮೊದಲ ಭಾಗಕ್ಕೆ ವ್ಯಾಖ್ಯಾನ ಬರೆದ. ಉಳಿದವುಗಳ ಈ ದೊಡ್ಡ ಗುಂಪನ್ನು ಅವನು ಎರಡಾಗಿ ಸೀಳಿದ. ಒಂದು ಜೊತೆ ಬಾಹು ಸಮಾನಾಂತರವಾಗಿದ್ದರೆ ಟ್ರಪೀಜಿಯಂ, ಮೇಜು. ಯಾವುದೂ ಸಮಾನಾಂತರವಿಲ್ಲದಿದ್ದರೆ ಟ್ರಪೀಜಾಯ್ಡ್, ಅಂದರೆ ಮೇಜಿನಂಥದು. ಆಯ್ಡ್ ಎಂಬ ಬಾಲಕ್ಕೆ "ಹಾಗೆ ಕಾಣುವ" ಎಂಬ ಅರ್ಥ. ಮೇಜು ಒಂದು, ಮೇಜಿನಂತೆ ಕಾಣುವುದು ಇನ್ನೊಂದು. ಬಹಳ ಚೆನ್ನಾದ ವಿಂಗಡಣೆ ಎಂದು ನನ್ನ ಎಣಿಕೆ. ಇದು ಕೆಟ್ಟದ್ದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಡುವೆ ಯೂಕ್ಲಿಡ್ ಬಾಗ್ದಾದಿಗೆ ಹೋದ. ಅರಬ್ಬಿ ಪಂಡಿತರು ಗ್ರಂಥವನ್ನು ತಮ್ಮ ಭಾಷೆಗೆ ತಂದರು. ಅವರು ಮೇಜನ್ನು ಕೈಬಿಟ್ಟು ಆಕೃತಿಯನ್ನೇ ನೋಡಿದರು. ಅವರು ಕೊಟ್ಟ ಹೆಸರು ಅಲ್-ಮುನ್‌ಹರಿಫ್, ಅಂದರೆ ಓರೆಯಾದದ್ದು, ಹೊರಳಿಕೊಂಡದ್ದು. ನಮ್ಮ ನೆರೆಯ ತಮಿಳರೂ ಇದನ್ನು ಸರಿವಗಂ ಎನ್ನುತ್ತಾರೆ, ಸರಿವು ಎಂದರೆ ಇಳಿಜಾರು. ಅರಬ್ಬಿಯವರ ಕಣ್ಣೂ ತಮಿಳರ ಕಣ್ಣೂ ಒಂದೇ ಕಡೆ, ಆ ಓರೆ ಬಾಹುವಿನ ಮೇಲೆ ನಿಂತಿದೆ. ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾತ್ ಊರಿನ ಅಡೆಲಾರ್ಡ್ ಯೂಕ್ಲಿಡ್‌ನನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಿರುಗಿಸಿದ. ಅಲ್-ಮುನ್‌ಹರಿಫ್ ಎಂಬುದು ಯುರೋಪಿನ ಬಾಯಲ್ಲಿ ಹೆಲ್‌ಮುವರಿಫೆ ಆಯಿತು. 1482ರಲ್ಲಿ ವೆನಿಸ್ಸಿನಲ್ಲಿ ಎರ್ಹಾರ್ಡ್ ರಾಟ್‌ಡೋಲ್ಟ್ ಯೂಕ್ಲಿಡ್‌ನನ್ನು ಮೊದಲ ಸಲ ಅಚ್ಚು ಹಾಕಿದಾಗ ಪುಸ್ತಕದಲ್ಲಿ ಇದ್ದದ್ದು ಈ ಹೆಲ್‌ಮುವರಿಫೆಯೇ. ಲ್ಯಾಟಿನ್ ಓದಬಲ್ಲ ಹುಡುಗರು ಅದನ್ನು ಉರುಹೊಡೆದಿರಬೇಕು, ನಾವು ತ್ರಾಪಿಜ್ಯವನ್ನು ಉರುಹೊಡೆದ ಹಾಗೆ, ಒಳಗೇನಿದೆ ಎಂದು ತಿಳಿಯದೆ.

ಇಲ್ಲಿ ನಾನು ತುಂಬ ಗೌರವಿಸುವ ಒಬ್ಬ ಮೇಷ್ಟ್ರ ಮಾತು ಹೇಳಬೇಕು. ರಾಬರ್ಟ್ ರೆಕಾರ್ಡ್ ಎಂದು ಹೆಸರು, ವೇಲ್ಸ್ ಪ್ರಾಂತದವರು, ವೈದ್ಯರು. ನಾವು ದಿನಾ ಬರೆಯುವ ಸಮ ಚಿಹ್ನೆ, ಆ ಎರಡು ಅಡ್ಡಗೆರೆ, ಅವರು 1557ರ ಪುಸ್ತಕದಲ್ಲಿ ಬಳಕೆಗೆ ತಂದದ್ದು. ಅದಕ್ಕೂ ಮೊದಲು, 1551ರಲ್ಲಿ, ಲ್ಯಾಟಿನ್ ಗ್ರೀಕ್ ಬಾರದ ಇಂಗ್ಲಿಷ್ ಜನರಿಗಾಗಿ ಇಂಗ್ಲಿಷಿನಲ್ಲಿಯೇ ಒಂದು ರೇಖಾಗಣಿತ ಬರೆದರು. ಹೊರಗಿನ ಶಬ್ದಗಳನ್ನು ಆದಷ್ಟು ಬಿಟ್ಟು ಮನೆಮಾತಿನಲ್ಲಿ ಶಬ್ದ ಕಟ್ಟಿದರು. ಲಘುಕೋನಕ್ಕೆ ಚೂಪು ಮೂಲೆ, ವಿಶಾಲಕೋನಕ್ಕೆ ಮೊಂಡು ಮೂಲೆ, ಸ್ಪರ್ಶಕಕ್ಕೆ ಮುಟ್ಟುಗೆರೆ, ಸಮಾನಾಂತರ ರೇಖೆಗಳಿಗೆ ಅವಳಿಗೆರೆ ಎಂಬರ್ಥದ ಇಂಗ್ಲಿಷ್ ಶಬ್ದಗಳು. ನಮ್ಮ ಆಕೃತಿಯ ಹತ್ತಿರ ಬಂದಾಗ ಗ್ರೀಕರು ತ್ರಪೆಜಿಯ ಅನ್ನುತ್ತಾರೆ, ಲ್ಯಾಟಿನ್ನಿನವರು ಮೆನ್ಸುಲ ಅನ್ನುತ್ತಾರೆ, ಅರಬ್ಬಿಯವರು ಹೆಲ್‌ಮುವರಿಫೆ ಅನ್ನುತ್ತಾರೆ ಎಂದು ಮೂರನ್ನೂ ಮುಂದಿಟ್ಟು, ನಾವು ಬೋರ್ಡ್ ಫಾರ್ಮ್ ಎನ್ನಬಹುದು ಎಂದರು. ಮೆನ್ಸುಲ ಅಂದರೂ ಪುಟ್ಟ ಮೇಜೇ. ಬೋರ್ಡ್ ಅಂದರೆ ಆ ಕಾಲದ ಇಂಗ್ಲಿಷಿನಲ್ಲಿ ಊಟದ ಮೇಜು. ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡಿನ ಎದುರು "ಬೋರ್ಡಿಂಗ್ ಅಂಡ್ ಲಾಡ್ಜಿಂಗ್" ಎಂಬ ಫಲಕ ಕಾಣುತ್ತೇವಲ್ಲ, ಆ ಬೋರ್ಡಿಂಗ್ ಇದೇ ಬೋರ್ಡಿನಿಂದ ಬಂದದ್ದು, ಊಟದ ಏರ್ಪಾಡು ಉಂಟು ಎಂದರ್ಥ. ರೆಕಾರ್ಡರು ಮೇಜನ್ನು ಮರಳಿ ಮಕ್ಕಳ ಕಣ್ಣಿಗೆ ಕಾಣಿಸಿದರು.

ಆದರೆ ಅವರ ಶಬ್ದಗಳು ನಿಲ್ಲಲಿಲ್ಲ. 1570ರಲ್ಲಿ ಹೆನ್ರಿ ಬಿಲ್ಲಿಂಗ್ಸ್‌ಲಿ ಯೂಕ್ಲಿಡ್‌ನ ಇಡೀ ಗ್ರಂಥವನ್ನು ಇಂಗ್ಲಿಷಿಗೆ ತಂದರು, ಟ್ರಪೀಜಿಯಂ ಎಂದೇ ಬರೆದರು. ಅದೇ ಉಳಿಯಿತು. ಇದು ನಮಗೆ ಹೊಸದಲ್ಲ. ಕನ್ನಡದಲ್ಲಿ ವಿಜ್ಞಾನ ಬರೆದವರೆಲ್ಲ ಅಚ್ಚಗನ್ನಡವೋ, ಸಂಸ್ಕೃತವೋ, ಇಂಗ್ಲಿಷಿನದ್ದನ್ನೇ ತಿದ್ದಿಕೊಳ್ಳುವುದೋ ಎಂದು ತಲೆ ಕೆಡಿಸಿಕೊಂಡಿದ್ದಾರೆ. ರೆಕಾರ್ಡರ ಪುಸ್ತಕದ ವಿಷಯ ಓದುವಾಗ ನಮ್ಮವರೇ ಯಾರೋ ಕೂತು ಶಬ್ದ ಹೊಸೆಯುತ್ತಿದ್ದಾರೆ ಅನ್ನಿಸುತ್ತದೆ.

ಇನ್ನು ಮೊಮ್ಮಗಳ ಮಾರ್ಕ್ಸಿನ ವಿಚಾರ. ಚಾರ್ಲ್ಸ್ ಹಟನ್ ಎಂಬ ಗಣಿತಜ್ಞ, ನ್ಯೂಕಾಸಲ್ಲಿನ ಕಲ್ಲಿದ್ದಲು ಗಣಿಯ ಕೆಲಸಗಾರರ ಮನೆಯಲ್ಲಿ ಹುಟ್ಟಿ ಮುಂದೆ ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದವನು. ಭೂಮಿಯ ಸಾಂದ್ರತೆಯನ್ನು ಲೆಕ್ಕ ಹಾಕಿದ ಮಹಾ ಶ್ರಮಜೀವಿ. 1795-96ರಲ್ಲಿ ಅವನ ಗಣಿತ ನಿಘಂಟು ಎರಡು ಸಂಪುಟಗಳಲ್ಲಿ ಹೊರಬಂತು. ಅದರಲ್ಲಿ ಪ್ರೋಕ್ಲಸ್ ಕೊಟ್ಟ ಎರಡು ಹೆಸರುಗಳು ಅದಲುಬದಲಾಗಿ ಕೂತವು. ಸಮಾನಾಂತರ ಜೊತೆ ಉಳ್ಳದ್ದು ಟ್ರಪೀಜಾಯ್ಡ್, ಇಲ್ಲದ್ದು ಟ್ರಪೀಜಿಯಂ. ಹೀಗೇಕೆ ತಿರುಗಿಸಿದೆ ಎಂದು ಅವನು ವಿವರಣೆ ಕೊಡಲಿಲ್ಲ. ನಿಘಂಟು ಪ್ರಸಿದ್ಧವಾಯಿತು, ಶಾಲೆಗಳು ಅದನ್ನೇ ಹಿಡಿದವು, ಅಮೆರಿಕಕ್ಕೂ ಅದೇ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, 1875ರ ಸುಮಾರಿಗೆ, ಇಂಗ್ಲೆಂಡು ಪ್ರೋಕ್ಲಸ್‌ನ ಅರ್ಥಕ್ಕೆ ಮರಳಿತು. ಅಮೆರಿಕ ಮರಳಲಿಲ್ಲ. ಇಂಗ್ಲೆಂಡಿನ ಹಾದಿಯಲ್ಲಿ ಕಲಿತವರು ನಾವು. ಹಾಗಾಗಿ ನನ್ನದೂ ಸರಿ, ಅವಳ ಟೀಚರದೂ ಸರಿ. ಮಗುವಿಗೆ ಹಾಗೆಯೇ ಹೇಳಿದೆ.

ಯುರೋಪಿನ ಉಳಿದ ಭಾಷೆಗಳು ಈ ಗೊಂದಲಕ್ಕೆ ಸಿಕ್ಕಲಿಲ್ಲ. ಫ್ರೆಂಚರ ತ್ರಪೇಜ್, ಜರ್ಮನರ ಟ್ರಪೆಟ್ಸ್, ಇಟಲಿಯ ತ್ರಪೇಟ್ಸಿಯೊ, ಸ್ಪೇನಿನ ತ್ರಪೇಸಿಯೊ, ರಷ್ಯದ ತ್ರಪೇತ್ಸಿಯ, ಎಲ್ಲವೂ ಸಮಾನಾಂತರ ಜೊತೆಯುಳ್ಳ ಆಕೃತಿಗೇ ನಿಂತಿವೆ. ಸ್ವೀಡನ್ನಿನವರಂತೂ ಸಂಶಯವೇ ಬೇಡವೆಂದು ಹೆಸರಿನಲ್ಲಿಯೇ "ಪ್ಯಾರಲೆಲ್" ಎಂದು ಸೇರಿಸಿಕೊಂಡಿದ್ದಾರೆ.

ಗಣಿತಕ್ಕೆ ಹೋಗದೆ ಊರಲ್ಲೇ ಉಳಿದ ಮೇಜಿನ ಕಥೆ ಇನ್ನೂ ರುಚಿ. ಹಳೆಯ ಅಥೆನ್ಸಿನಲ್ಲಿ ನಾಣ್ಯ ಬದಲಾಯಿಸಿಕೊಡುವವರು ಪೇಟೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ಮೇಜಿನವನು ಅಂದರೆ ತ್ರಪೆಜಿತೆಸ್, ಲೇವಾದೇವಿಗಾರ. ಪಾಸಿಯೋನ್ ಎಂಬವನು ಅಂಥ ಒಬ್ಬರ ಮನೆಯ ಗುಲಾಮನಾಗಿದ್ದವನು, ಬಿಡುಗಡೆ ಪಡೆದು, ತಾನೇ ಮೇಜಿನ ಯಜಮಾನನಾಗಿ, ಕೊನೆಗೆ ಅಥೆನ್ಸಿನ ಪೌರನೂ ಆದ. ಅವನ ಮೇಲೆ ಹೂಡಿದ ದಾವೆಗೆ ಇಸೊಕ್ರೆಟೀಸ್ ಬರೆದುಕೊಟ್ಟ ಭಾಷಣಕ್ಕೆ "ತ್ರಪೆಜಿತಿಕೋಸ್" ಎಂದೇ ಹೆಸರು. ಏಸುಕ್ರಿಸ್ತ ಜೆರೂಸಲೇಮಿನ ದೇವಾಲಯದಲ್ಲಿ ನಾಣ್ಯದವರ ಮೇಜುಗಳನ್ನು ಉರುಳಿಸಿದನಲ್ಲ, ಗ್ರೀಕ್ ಬೈಬಲ್ಲಿನಲ್ಲಿ ಅವು ತ್ರಪೆಜಗಳು. ಇವತ್ತು ಗ್ರೀಸಿಗೆ ಹೋದರೆ ರಸ್ತೆ ರಸ್ತೆಯಲ್ಲಿ ತ್ರಪೆಜ ಎಂಬ ಫಲಕ ಕಾಣುತ್ತದೆ. ಊಟ ಸಿಗುತ್ತದೆಂದು ಒಳಗೆ ಹೋಗಬೇಡಿ, ಅದು ಬ್ಯಾಂಕು. ಊಟದ ಮೇಜು ಈಗ ತ್ರಪೇಜಿ. ರಕ್ತನಿಧಿ ಕೂಡ ಅಲ್ಲಿ ರಕ್ತದ ತ್ರಪೆಜ. ಇದಕ್ಕೆ ಅಚ್ಚರಿ ಪಡಬೇಕಿಲ್ಲ. ನಮ್ಮ ಬ್ಯಾಂಕು ಎಂಬ ಶಬ್ದವೂ ಇಟಲಿಯ ಬಾಂಕೊ, ಲೇವಾದೇವಿಗಾರರ ಹಲಗೆ, ಅದರಿಂದ ಬಂದದ್ದು. ಎಲ್ಲ ಕಡೆ ಹಣ ಎಣಿಸಲು ಒಂದು ಹಲಗೆ ಬೇಕಾಯಿತು, ಆ ಹಲಗೆಯೇ ಹೆಸರಾಯಿತು.

ರಷ್ಯದ ಮಠಗಳಲ್ಲಿ ಸಂನ್ಯಾಸಿಗಳು ಒಟ್ಟಿಗೆ ಕೂತು ಮಾಡುವ ಊಟಕ್ಕೆ ತ್ರಾಪೆಜ ಎನ್ನುತ್ತಾರೆ. ರಷ್ಯದ ಹುಡುಗ ಶಾಲೆಯಲ್ಲಿ ತ್ರಪೇತ್ಸಿಯ ಬರೆಯುತ್ತಾನೆ, ಮಠದಲ್ಲಿ ತ್ರಾಪೆಜಕ್ಕೆ ಕೂರುತ್ತಾನೆ. ಒಂದು ಪಶ್ಚಿಮ ಯುರೋಪನ್ನು ಸುತ್ತಿ ಪುಸ್ತಕದಿಂದ ಬಂದದ್ದು, ಇನ್ನೊಂದು ಗ್ರೀಕ್ ಧರ್ಮಗುರುಗಳ ಜೊತೆ ನೇರವಾಗಿ ಬಂದದ್ದು. ಗ್ರೀಕ್ ಚರ್ಚುಗಳಲ್ಲಿ ಗರ್ಭಗುಡಿಯೊಳಗಿನ ವೇದಿಕೆಗೆ ಅಗಿಯ ತ್ರಪೆಜ ಎಂದು ಹೆಸರು, ಪವಿತ್ರ ಮೇಜು. ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಕಪ್ಪು ಸಮುದ್ರದ ದಡದಲ್ಲಿ, ಈಗಿನ ತುರ್ಕಿಯಲ್ಲಿ, ಟ್ರಾಬ್ಜೋನ್ ಎಂಬ ಊರಿದೆ. ಗ್ರೀಕರಿಗೆ ಅದು ತ್ರಪೆಜೂಸ್. ಮೇಜಿನಂತೆ ಚಪ್ಪಟೆಯಾದ ದಿಬ್ಬದ ಮೇಲೆ ಊರು ಕಟ್ಟಿದ್ದರಿಂದ ಆ ಹೆಸರು. ಓರಿಯನ್ ನೀಹಾರಿಕೆಯ ನಡುವೆ ಒತ್ತಾಗಿ ಕೂತ ನಾಲ್ಕು ನಕ್ಷತ್ರಗಳಿಗೂ ಟ್ರಪೀಜಿಯಂ ಎಂದೇ ಹೆಸರು. 1617ರಲ್ಲಿ ಗೆಲಿಲಿಯೊ ಅವುಗಳಲ್ಲಿ ಮೂರನ್ನು ಗುರುತು ಹಾಕಿಕೊಂಡಿದ್ದ.

ನಿಮ್ಮ ಮೈಮೇಲೂ ಈ ಶಬ್ದ ಇದೆ. ಕತ್ತಿನ ಹಿಂದೆ ಕೈಯಿಟ್ಟು ನೋಡಿ. ತಲೆಬುರುಡೆಯ ಬುಡದಿಂದ ಹೊರಟು ಎರಡೂ ಹೆಗಲಿಗೆ ಹರಡಿ, ಬೆನ್ನಿನ ನಡುವಿನವರೆಗೆ ಇಳಿಯುವ ಸ್ನಾಯು, ಭಾರ ಹೊತ್ತವರಿಗೆ ಮೊದಲು ನೋಯುವುದು ಅದೇ. ವೈದ್ಯರು ಅದಕ್ಕೆ ಟ್ರಪೀಜಿಯಸ್ ಅನ್ನುತ್ತಾರೆ. ಎಡಬಲದ ಎರಡೂ ಸೇರಿದರೆ ಗಾಳಿಪಟದಂಥ ನಾಲ್ಕು ಬಾಹುವಿನ ಆಕೃತಿ. ಸಮಾನಾಂತರ ಬಾಹು ಅಲ್ಲಿ ಒಂದೂ ಇಲ್ಲ, ಯೂಕ್ಲಿಡ್‌ನ ಹಳೆಯ ಅರ್ಥ ಅಲ್ಲಿ ಹಾಗೆಯೇ ಉಳಿದಿದೆ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಪುಟ್ಟ ಮೂಳೆ ಟ್ರಪೀಜಿಯಂ, ಅದರ ಪಕ್ಕದ್ದು ಟ್ರಪೀಜಾಯ್ಡ್. ನೀವು ಪೆನ್ನು ಹಿಡಿದು ತ್ರಾಪಿಜ್ಯ ಎಂದು ಬರೆಯುವಾಗ ಕೆಲಸ ಮಾಡುವ ಮೂಳೆಗಳು ಅವೇ.

ಸರ್ಕಸ್ಸಿನ ಟ್ರಪೀಜನ್ನು ಬಿಡುವಂತಿಲ್ಲ. ಮೇಲೆ ತೊಲೆ, ಎರಡು ಹಗ್ಗ, ಕೆಳಗೆ ಒಂದು ಅಡ್ಡಕೋಲು. ಈ ನಾಲ್ಕೂ ಸೇರಿ ಆಗುವ ಆಕೃತಿಯನ್ನು ನೋಡಿ ಫ್ರೆಂಚರು ಆ ಉಯ್ಯಾಲೆಗೆ ತ್ರಪೇಜ್ ಎಂದರು. ತೂಲೂಸ್ ಊರಿನ ಜ್ಯೂಲ್ ಲಿಯೊತಾರ್ ಎಂಬ ಹುಡುಗ, ಗರಡಿ ನಡೆಸುವವನ ಮಗ, 1859ರ ನವೆಂಬರ್ 12ರಂದು ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ಒಂದು ಉಯ್ಯಾಲೆಯಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಹಾರಿದ. ಹಾರುವ ಟ್ರಪೀಜ್ ಆಟಕ್ಕೆ ಅದೇ ಮೊದಲು. ಚಿಕ್ಕಂದಿನಲ್ಲಿ ಸರ್ಕಸ್ ಡೇರೆಯಲ್ಲಿ ಉಸಿರು ಬಿಗಿಹಿಡಿದು ಆ ಆಟ ನೋಡಿದವನು ನಾನು. ಶಾಲೆಯ ತ್ರಾಪಿಜ್ಯಕ್ಕೂ ಅದಕ್ಕೂ ಒಂದೇ ಬೇರು ಎಂದು ಆಗ ತಿಳಿದಿದ್ದರೆ ಲೆಕ್ಕದ ಪುಸ್ತಕ ಇನ್ನಷ್ಟು ಪ್ರೀತಿಯಾಗುತ್ತಿತ್ತು.

ಗ್ರೀಕರಿಗೆ ಈ ಆಕೃತಿಯಲ್ಲಿ ಮೇಜು ಕಂಡಿತು. ನಮ್ಮವರಿಗೆ ಏನು ಕಂಡಿತು?

ಸೋಮಯಾಗದ ಮಹಾವೇದಿ ಇದೇ ಆಕೃತಿ. ಪೂರ್ವದ ಅಂಚು 24 ಪ್ರಕ್ರಮ, ಪಶ್ಚಿಮದ ಅಂಚು 30, ನಡುವಿನ ಉದ್ದ 36. ಪ್ರಕ್ರಮ ಅಂದರೆ ಹೆಜ್ಜೆ. ಅದನ್ನು ನೆಲದ ಮೇಲೆ ಹೇಗೆ ಗೆರೆ ಹೊಡೆಯಬೇಕೆಂದು ಆಪಸ್ತಂಬ ಶುಲ್ಬಸೂತ್ರ ಹೇಳುತ್ತದೆ. ಶುಲ್ಬ ಅಂದರೆ ಹಗ್ಗ. ಪೂರ್ವಪಶ್ಚಿಮವಾಗಿ 36ರ ದೂರದಲ್ಲಿ ಎರಡು ಗೂಟ. 36ಕ್ಕೆ ಇನ್ನೂ 18 ಕೂಡಿಸಿದ ಹಗ್ಗ, ಅಂದರೆ 54. ಹಗ್ಗದ ಎರಡು ತುದಿಗಳನ್ನು ಎರಡು ಗೂಟಕ್ಕೆ ಕಟ್ಟಿ, ಪಶ್ಚಿಮದ ತುದಿಯಿಂದ 15ರ ಗುರುತನ್ನು ಹಿಡಿದು ಪಕ್ಕಕ್ಕೆ ಎಳೆದರೆ ಉಳಿದ ಹಗ್ಗ 39. 15, 36, 39. ವರ್ಗ ಮಾಡಿ ನೋಡಿ: 225 ಮತ್ತು 1296 ಕೂಡಿದರೆ 1521, ಅದು 39ರ ವರ್ಗ. ಹಗ್ಗ ಬಿಗಿದ ಕ್ಷಣಕ್ಕೆ ಗೂಟದ ಹತ್ತಿರ ಲಂಬಕೋನ ತಾನಾಗಿ ನಿಲ್ಲುತ್ತದೆ. ಹೀಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದರೆ ಪಶ್ಚಿಮದ ಎರಡು ಮೂಲೆ. ಪೂರ್ವದಲ್ಲಿ ಹಗ್ಗವನ್ನು ತಿರುಗಿಸಿ, ಮೂಲೆಯನ್ನು 12ರಲ್ಲಿ ನಿಲ್ಲಿಸಿದರೆ ಅಲ್ಲಿಯ ಎರಡು ಮೂಲೆ.

ಆ ಮೂಲೆಗಳ ಹೆಸರು ಕೇಳಿ. ಪೂರ್ವದವು ಅಂಸ, ಭುಜಗಳು. ಪಶ್ಚಿಮದವು ಶ್ರೋಣಿ, ಸೊಂಟದ ಎರಡು ಬದಿ. ವೇದಿ ನೆಲದ ಮೇಲೆ ಮಲಗಿದ ಒಂದು ದೇಹ. ಅಲ್ಲಿ ಮೇಜಿಗೆ ಕಾಲು, ಇಲ್ಲಿ ವೇದಿಗೆ ಹೆಗಲು. ಮುಂದಿನ ಗಣಿತಜ್ಞರು ಚತುರ್ಭುಜದ ಕಿರಿಯ ಬಾಹುವಿಗೆ ಮುಖ ಎಂದರು, ಅಗಲದ ಬಾಹುವಿಗೆ ಭೂಮಿ ಎಂದರು. ದೇಹ ಎದ್ದು ನಿಂತಿತು, ನೆಲಕ್ಕೆ ಊರಿತು. 499ರಲ್ಲಿ ಆರ್ಯಭಟ ಈ ಎರಡನ್ನು ಕೂಡಿ ಅರ್ಧ ಮಾಡಿ ಎತ್ತರದಿಂದ ಗುಣಿಸಿದರೆ ವಿಸ್ತೀರ್ಣ ಎಂದು ಒಂದೇ ಶ್ಲೋಕದಲ್ಲಿ ಹೇಳಿಬಿಟ್ಟ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಚತುರ್ಭುಜಗಳನ್ನು ಐದು ಬಗೆ ಮಾಡಿದ, ಬಾಹುಗಳು ಎಷ್ಟೆಷ್ಟು ಸಮ ಎಂಬುದರ ಮೇಲೆ. ಎರಡು ಬಾಹು ಸಮವಾದ ದ್ವಿಸಮ ಚತುರಸ್ರದಲ್ಲಿ ನಮ್ಮ ಮೊರ ಕೂರುತ್ತದೆ. ಹಿಂದಿ, ಮರಾಠಿಯವರು ಈಗ ಸಮಲಂಬ ಎನ್ನುತ್ತಾರೆ, ಲಂಬಗಳು ಸಮವಾದದ್ದು. ಒಳ್ಳೆಯ ಶಬ್ದವೇ. ಆದರೂ ನಮ್ಮ ತ್ರಾಪಿಜ್ಯವನ್ನು ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಅದರ ಹಿಂದೆ ಒಂದು ಮೇಜಿದೆ, ಆ ಮೇಜಿನ ಕಾಲು ನಮ್ಮ ಷಟ್ಪದಿಯ ಕಾಲಿಗೆ ತಾಗುತ್ತದೆ.

ಮತ್ತೆ ಮಹಾವೇದಿಗೆ ಬರೋಣ. ಅದರ ವಿಸ್ತೀರ್ಣ ಸಾವಿರಕ್ಕೆ 28 ಕಡಿಮೆ, 972 ಎಂದು ಆಪಸ್ತಂಬ ಹೇಳಿ, ಅದನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತಾನೆ. ದಕ್ಷಿಣದ ಭುಜದಿಂದ ನೇರ ಗೆರೆ ಎಳೆ, ಹೊರಗೆ ಚಾಚಿದ ತ್ರಿಕೋನವನ್ನು ಕತ್ತರಿಸು, ತಲೆಕೆಳಗು ಮಾಡಿ ಉತ್ತರದ ಬದಿಗೆ ಹಚ್ಚು. ವೇದಿ ಆಯತವಾಗುತ್ತದೆ, 27ಕ್ಕೆ 36. ಗ್ರೀಕರು ಮೇಜಿಗೆ ಪವಿತ್ರ ಎಂಬ ಮಾತು ಸೇರಿಸಿ ಅದನ್ನು ಚರ್ಚಿನ ವೇದಿಕೆ ಮಾಡಿಕೊಂಡರು. ನಮ್ಮಲ್ಲಿ ಈ ಆಕೃತಿ ಅದಕ್ಕೂ ಬಹಳ ಮೊದಲು ವೇದಿಯಾಗಿಯೇ ಇತ್ತು. ಎರಡಕ್ಕೂ ಒಂದರಿಂದ ಒಂದು ಬಂದ ಸಂಬಂಧವಿಲ್ಲ, ಗ್ರೀಕರ ಪವಿತ್ರ ಮೇಜು ತ್ರಾಪಿಜ್ಯಾಕಾರವೂ ಅಲ್ಲ. ಆದರೂ ದೇವರ ಮುಂದಿನ ಹಲಗೆಗೂ ದೇವರ ಮುಂದಿನ ನೆಲಕ್ಕೂ ಒಂದೇ ಹೆಸರಿನ ನೆರಳು ಬಿದ್ದದ್ದನ್ನು ಕಂಡು ನನಗೆ ಸಂತೋಷವಾಯಿತು.

ಜುಲೈಯಲ್ಲಿ ಮೊಮ್ಮಗಳು ರಜೆಗೆ ಬಂದಳು. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಮೊರ ತಂದು ಹಳೆಯ ವೃತ್ತಪತ್ರಿಕೆಯ ಮೇಲೆ ಕವುಚಿದೆವು. ಮೂಲೆ ಸ್ವಲ್ಪ ದುಂಡಗಿತ್ತು, ಅವಳು ಸ್ಕೇಲಿಟ್ಟು ಗೆರೆಯನ್ನು ನೇರ ಮಾಡಿಕೊಂಡಳು. ಅಳೆದಳು. ಬಾಯಿ 16 ಅಂಗುಲ, ಹಿಂಬದಿ 12, ನಡುವಿನ ಉದ್ದ 15. ಸೂತ್ರ ಹೇಳಿಕೊಡಲಿಲ್ಲ. ಹಿಂಬದಿಯ ಒಂದು ಮೂಲೆಯಿಂದ ನೇರ ಗೆರೆ ಎಳೆಸಿದೆ. ಅವಳು ಕತ್ತರಿಯಿಂದ ಆ ಉದ್ದನೆಯ ತ್ರಿಕೋನವನ್ನು ಕತ್ತರಿಸಿ, ಒಂದು ಕ್ಷಣ ಕೈಯಲ್ಲಿ ಹಿಡಿದುಕೊಂಡು, ತಾನಾಗಿಯೇ ತಲೆಕೆಳಗು ಮಾಡಿ ಆಚೆ ಬದಿಗೆ ಜೋಡಿಸಿದಳು. 14ಕ್ಕೆ 15ರ ಆಯತ. "ಇನ್ನೂರ ಹತ್ತು" ಅಂದಳು.

ಆಮೇಲೆ ಮೊರವನ್ನು ಎತ್ತಿ ತಿರುಗಿಸಿ ಅಡಿಯಲ್ಲಿ ನೋಡಿದಳು. "ತಾತ, ಇದಕ್ಕೆ ಒಂದೂ ಕಾಲಿಲ್ಲವಲ್ಲ?" ಎಂದು ಕೇಳಿದಳು. ನಾನು ಪೈಲೋಸಿನ ಆರು ಕಾಲಿನ ಮೇಜಿನ ಕಥೆ ಶುರು ಮಾಡಿದೆ. ಅಷ್ಟರಲ್ಲಿ ಅವಳ ಅಜ್ಜಿ ಅಕ್ಕಿಯ ಡಬ್ಬ ಹಿಡಿದು ಬಾಗಿಲಿಗೆ ಬಂದು, "ಮೊರ ಕೊಡೇ ಪುಟ್ಟಿ, ಅಕ್ಕಿ ಕೇರಬೇಕು" ಅಂದರು.